ತೊಳೆದ ಕಾಲನ್ನೇ ತೊಳೆಯುವ ಗುರುವಾರ

ಈಸ್ಟರಿನ ಮುಂಚಿನ ಗುರುವಾರ ಸಂಜೆ ನಮ್ಮ ಇಗರ್ಜಿಯಲ್ಲಿ ಪಾದ್ರಿಗಳು ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಯೇಸು ತನ್ನ ಶಿಷ್ಯರ ಕಾಲು ತೊಳೆದದ್ದರ ನೆನಪಿಗೆ ನಡೆಯುವ ಆಚರಣೆ ಅದು. ದೊಡ್ಡವನು ಚಿಕ್ಕವನ ಮುಂದೆ ಮೊಣಕಾಲೂರಬೇಕು, ಅದೇ ಸೌಮ್ಯತೆ, ಅದೇ ದೀನತೆ ಎಂದು ಪ್ರತಿವರ್ಷವೂ ಪ್ರವಚನ ಇರುತ್ತದೆ. ಆದರೆ ಆ ಹನ್ನೆರಡು ಜನ ಅವತ್ತು ಮಧ್ಯಾಹ್ನದಿಂದಲೇ ಮನೆಯಲ್ಲಿ ಕಾಲು ತಿಕ್ಕಲು ಕೂರುತ್ತಾರೆ. ತೆಂಗಿನ ಸಿಪ್ಪೆ, ಸಾಬೂನು, ಹಿಮ್ಮಡಿ ಉಜ್ಜಲು ಕಲ್ಲು, ಉಗುರಿಗೆ ಬ್ಲೇಡು. ಒಂದು ವರ್ಷ ಒಬ್ಬರು ಕಾಲಿಗೆ ಪೌಡರ್ ಬಳಿದು ಹೊಸ ಸಾಕ್ಸ್ ಹಾಕಿಕೊಂಡು ಬಂದಿದ್ದರು. ಪಾದ್ರಿಗಳ ಎದುರು ಅದನ್ನು ಕಳಚುವಾಗ ಮುಂದಿನ ಎರಡು ಬೆಂಚುಗಳಿಗೆ ಘಮಘಮ ಎಂದಿತು. ಕೊಳೆಯೇ ಇಲ್ಲದ ಕಾಲಿನ ಮೇಲೆ ನಾಲ್ಕು ಹನಿ ನೀರು ಬೀಳುತ್ತದೆ, ಇಸ್ತ್ರಿ ಹಾಕಿದ ಬಿಳಿ ಟವೆಲು ಒತ್ತುತ್ತದೆ, ಮುಗಿಯಿತು. ಇದಕ್ಕಿಂತ ಚೊಕ್ಕವಾದ ಬೂಟಾಟಿಕೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ಹನ್ನೆರಡು ಕುರ್ಚಿಗಳಿಗೆ ಇರುವ ಪೈಪೋಟಿ ನೋಡಿದರೆ ಪಂಚಾಯತ್ ಚುನಾವಣೆಯವರೂ ನಾಚಬೇಕು. ವಾರ್ಡಿನ ಮುಖಂಡನನ್ನು ನಾವು ಗುರ್ಕಾರ ಎನ್ನುತ್ತೇವೆ. ಗುರ್ಕಾರ ಹೆಸರು ಕೊಡಬೇಕು, ಪಾದ್ರಿಗಳು ಒಪ್ಪಬೇಕು. ಹೆಸರು ಬಿಟ್ಟುಹೋದ ಸಿಟ್ಟಿಗೆ ಒಬ್ಬರು ವರ್ಷವಿಡೀ ಗುರ್ಕಾರನ ಮುಖ ನೋಡದೆ ಇದ್ದದ್ದು ನನಗೆ ಗೊತ್ತು. ಹೆಸರು ಬಂದವರು ಮಾತ್ರ ಕುತ್ತಿಗೆ ಓರೆ ಮಾಡಿ, "ನಾನೆಲ್ಲಿ, ಅದೆಲ್ಲಿ, ಫಾದರ್ ಒತ್ತಾಯ ಮಾಡಿದರು ಅಂತ ಒಪ್ಪಿದ್ದು" ಎನ್ನುತ್ತಾರೆ.

ಇಗರ್ಜಿಯನ್ನೇ ಯಾಕೆ ಬೈಯಬೇಕು? ಈ ಕುತ್ತಿಗೆ ಓರೆ ಮಾಡುವ ರೋಗ ಈಗ ಎಲ್ಲೆಡೆಯೂ ಇದೆ. ನಾನು ಕಾಸರಗೋಡಿನ ಬದಿಯಡ್ಕದ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಅಲ್ಲಿನ ಸನ್ಮಾನ ಸಭೆಗಳಲ್ಲಿ ಶಾಲು ಹೊದ್ದುಕೊಂಡವರೆಲ್ಲ ತಾವು ಇದಕ್ಕೆ ಯೋಗ್ಯರಲ್ಲ ಎಂದು ಅರ್ಧ ಗಂಟೆ ಭಾಷಣ ಮಾಡುತ್ತಿದ್ದರು. ಹೇಳುತ್ತಲೇ ಶಾಲಿನ ಜರಿ ಫೋಟೋದಲ್ಲಿ ಕಾಣುವ ಹಾಗೆ ಸರಿಮಾಡಿಕೊಳ್ಳುತ್ತಿದ್ದರು. ಅಧ್ಯಾಪಕರ ತರಬೇತಿಗೆ ಬಂದ ಒಬ್ಬ ಮಹನೀಯರು ವಿನಯದ ಬಗ್ಗೆ ಊಟದ ಹೊತ್ತು ಮೀರುವವರೆಗೆ ಮಾತಾಡಿ, ಊಟಕ್ಕೆ ತಮಗೆ ಪ್ರತ್ಯೇಕ ಮೇಜು ಹಾಕಲಿಲ್ಲವೆಂದು ಮುಖ ಊದಿಸಿಕೊಂಡರು. ಈ ದೇಶದಲ್ಲಿ ವಿನಯದಷ್ಟು ಸಲೀಸಾಗಿ ಮೈಮೇಲೆ ಹಾಕಿಕೊಳ್ಳಬಹುದಾದ ಬಟ್ಟೆ ಇನ್ನೊಂದಿಲ್ಲ.

ಇವರದ್ದು ಹಾಕಿಕೊಳ್ಳುವ ವಿನಯ. ಇನ್ನೊಂದು, ಬೇರೆಯವರ ಮೇಲೆ ಹೇರುವ ವಿನಯ. ಅದಕ್ಕೆ ಸಿಕ್ಕಿದವಳು ನನ್ನ ಅಮ್ಮ.

ನಮ್ಮ ಮನೆ ಬದಿಯಡ್ಕದಿಂದ ಒಳಗೆ, ಜೀಪು ಇಳಿದು ಅಷ್ಟು ದೂರ ನಡೆಯಬೇಕಾದ ಒಂದು ಗುಡ್ಡದ ಬುಡದಲ್ಲಿದೆ. ನಮ್ಮ ಕಡೆ ಬಾವಿ ತೋಡಿದರೆ ಬರೀ ಮುರಕಲ್ಲು. ಹಾಗಾಗಿ ಹಿಂದಿನವರು ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದರು. ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಅಗಲ. ಒಳಗೆ ಒಸರುವ ನೀರು ನೆಲದ ಮೇಲೆ ಹರಿದು ಸುರಂಗದ ಬಾಯಿಗೆ ಬರುತ್ತದೆ. ಅಲ್ಲಿಂದ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಮನೆಗೆ. ನಮ್ಮ ಸುರಂಗವನ್ನು ನನ್ನ ಅಜ್ಜನೂ ಕೆಳಗಿನ ಮನೆಯವನ ಅಪ್ಪನೂ ಸೇರಿ ಕೊರೆದದ್ದು. ಸುರಂಗದ ಬಾಯಿ ನಮ್ಮ ಜಾಗದಲ್ಲಿ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನೀರು ನಮಗೆ, ಮಧ್ಯಾಹ್ನ ದಂಬೆ ತಿರುಗಿಸಿದರೆ ಮರುದಿನ ಬೆಳಗಾಗುವವರೆಗೆ ಅವರಿಗೆ. ಅಜ್ಜಂದಿರು ಇದ್ದಷ್ಟು ಕಾಲ, ನನ್ನ ಅಪ್ಪ ಇದ್ದಷ್ಟು ಕಾಲ ಹಾಗೇ ನಡೆಯಿತು.

ಕೆಳಗಿನ ಮನೆಯವನೇ ನಮ್ಮ ವಾರ್ಡಿನ ಗುರ್ಕಾರ. ಅಪ್ಪ ತೀರಿಕೊಂಡ ಮೇಲಿನ ಮೊದಲ ಬೇಸಿಗೆಯಲ್ಲೇ ಅವನು ಸುರಂಗದ ಒಳಗೆ ನೀರಿಗೆ ಅಡ್ಡವಾಗಿ ಜೇಡಿಮಣ್ಣಿನ ಕಟ್ಟ ಕಟ್ಟಿಸಿದ. ಅದಕ್ಕೊಂದು ಕರಿ ಪೈಪು ಸಿಕ್ಕಿಸಿ ನೀರನ್ನೆಲ್ಲ ತನ್ನ ಟಾಂಕಿಗೆ ಎಳೆದುಕೊಂಡ.

"ಇದು ತಾತ್ಕಾಲಿಕ, ಬಾಯಿ. ಮಳೆ ಬರುವಷ್ಟು ದಿನ ಮಾತ್ರ" ಎಂದು ಅಮ್ಮನಿಗೆ ಹೇಳಿದ. ನಮ್ಮವರಲ್ಲಿ ಹೆಂಗಸರನ್ನು ಮರ್ಯಾದೆಯಿಂದ ಕರೆಯುವುದು ಬಾಯಿ ಎಂದೇ.

ಮಳೆ ಬಂತು, ಹೋಯಿತು. ಪೈಪು ಅಲ್ಲೇ ಉಳಿಯಿತು. ನೀರು ಯಾಕೆ ಬೇಕಾಯಿತೆಂದರೆ, ಹೊಸ ಮನೆಯ ಮುಂದೆ ಅವನು ಹುಲ್ಲುಹಾಸು ಮಾಡಿಸಿದ್ದ. ದನ ಮೇಯುವ ಹುಲ್ಲಲ್ಲ, ಸುಮ್ಮನೆ ನೋಡಲಿಕ್ಕೆ. ಏಪ್ರಿಲ್ ತಿಂಗಳ ಕಾಸರಗೋಡಿನ ಬಿಸಿಲಿನಲ್ಲಿ, ಸುತ್ತಲಿನ ಗುಡ್ಡವೆಲ್ಲ ಬೋಳಾಗಿ ಕೆಂಪಗೆ ನಿಂತಿರುವಾಗ, ಗುರ್ಕಾರನ ಅಂಗಳ ಮಾತ್ರ ಹಸಿರಾಗಿರುತ್ತಿತ್ತು. ನಾವು ಪಕ್ಕದ ಬ್ಯಾರಿಗಳ ಮನೆಯಿಂದ ಕೊಡದಲ್ಲಿ ನೀರು ಹೊತ್ತು ತರುತ್ತಿದ್ದೆವು. ಆ ಮನೆಯ ಹೆಂಗಸು ಯಾವತ್ತೂ ಮುಖ ಸಣ್ಣದು ಮಾಡಿದವಳಲ್ಲ. "ಬಾಯಮ್ಮ, ಆ ಪೈಪು ಎಳೆದು ಬಿಸಾಡಿ. ಬೇಕಾದರೆ ನಾನೂ ಬರ್ತೇನೆ" ಎನ್ನುತ್ತಿದ್ದಳು. ಅಮ್ಮ ನಕ್ಕು ಕೊಡ ಎತ್ತಿಕೊಳ್ಳುತ್ತಿದ್ದಳು.

ಮೊದಲ ವರ್ಷ ನನ್ನ ಕಾಟ ತಾಳಲಾರದೆ ಅಮ್ಮ ಪಾದ್ರಿಗಳ ಹತ್ತಿರ ಹೇಳಲು ಒಪ್ಪಿದಳು. ಇಬ್ಬರೂ ಹೋದೆವು. ಪಾದ್ರಿಗಳು ಒಳ್ಳೆಯ ಕಂಠದವರು, ಮಾತು ಸಕ್ಕರೆ. ಎಲ್ಲವನ್ನೂ ಕೇಳಿ ಕಣ್ಣು ಮುಚ್ಚಿಕೊಂಡರು.

"ನೋಡಿ ಬಾಯಿ, ಸೌಮ್ಯರಿಗೆ ಭೂಮಿಯೇ ಸಿಗ್ತದೆ ಅಂತ ಯೇಸು ಸ್ವಾಮಿ ಹೇಳಿದ್ದಾರೆ. ನೀವು ಪಾಪದವರು. ದೇವರು ನಿಮ್ಮನ್ನು ಕೈ ಬಿಡುವುದಿಲ್ಲ."

"ಭೂಮಿ ಈಗಲೂ ನಮ್ಮದೇ ಫಾದರ್, ಹೋದದ್ದು ನೀರು" ಎಂದೆ ನಾನು.

"ಟೀಚರಿನ ನಾಲಗೆ ಚುರುಕುಂಟು" ಎಂದು ನಕ್ಕರು. ಇಗರ್ಜಿಯ ಹೊಸ ಗಂಟೆಗೋಪುರದ ಕೆಲಸಕ್ಕೆ ಮುಂದೆ ನಿಂತು ಓಡಾಡುತ್ತಿದ್ದವನು ಅದೇ ಗುರ್ಕಾರ. ಅವನ ಮೇಲೆ ಪಾದ್ರಿಗಳ ಬಾಯಲ್ಲಿ ಒಂದು ಮಾತು ಬರುವುದು ಸಾಧ್ಯವೇ ಇರಲಿಲ್ಲ. ಆ ಭಾನುವಾರ ಪ್ರವಚನದಲ್ಲಿ ಸೌಮ್ಯತೆಯ ಮೇಲೆಯೇ ಮಾತಾಡಿದರು. ಅದು ಯಾರಿಗೆ ಎಂದು ಇಡೀ ಇಗರ್ಜಿಗೆ ಗೊತ್ತಾಯಿತು. ನೀರು ಕಿತ್ತುಕೊಂಡವನಿಗೆ ಪ್ರವಚನವಿಲ್ಲ, ಕಳೆದುಕೊಂಡವಳಿಗೆ ಉಂಟು. ಮುಂದಿನ ಬೆಂಚಿನಲ್ಲಿ ಕೂತಿದ್ದ ಗುರ್ಕಾರ ಪ್ರತಿ ವಾಕ್ಯಕ್ಕೂ ತಲೆ ಆಡಿಸುತ್ತಿದ್ದ.

ಅಂದಿನಿಂದ ಅಮ್ಮನಿಗೆ ಊರಲ್ಲಿ ಬಿರುದು ಸಿಕ್ಕಿತು. ಪಾಪದ ಬಾಯಿ. ನಮ್ಮ ಕಡೆ ಪಾಪದವರು ಎಂದರೆ ಯಾರು ಮೆಟ್ಟಿದರೂ ಸುಮ್ಮನಿರುವವರು. ಜಪಸರ ಹಿಡಿದು ಮನೆಗೆ ಬರುವ ಹೆಂಗಸರು ಅದನ್ನು ದೊಡ್ಡ ಹೊಗಳಿಕೆಯ ಹಾಗೆ ಅವಳಿಗೆ ಕೊಡುತ್ತಿದ್ದರು. ಅವರು ಹೊಗಳಿ, ನಾವು ಹೊತ್ತು ತಂದ ನೀರಿನಲ್ಲಿ ಕಾಸಿದ ಕಾಫಿ ಕುಡಿದು, ಗುರ್ಕಾರನ ಜಗಲಿಗೆ ಹೋಗಿ ಇನ್ನೊಂದು ಕಾಫಿ ಕುಡಿಯುತ್ತಿದ್ದರು. ಅಮ್ಮ ಹೆದರಿದ್ದು ಆ ಹೆಂಗಸರನ್ನು ಕಳೆದುಕೊಳ್ಳಲಿಕ್ಕೆ. ಗುರ್ಕಾರನೊಟ್ಟಿಗೆ ಜಗಳವೆಂದರೆ ವಾರ್ಡಿನೊಟ್ಟಿಗೆ ಜಗಳ. ಕಾಯಿಲೆ ಬಿದ್ದರೆ ಗಂಜಿ ತರುವವರಿಲ್ಲ, ಸತ್ತರೆ ಹಾಡಲಿಕ್ಕೆ ಜನವಿಲ್ಲ. ಅವಳಿಗಿದ್ದ ಲೋಕ ಅಷ್ಟೇ.

ಇದು ನನಗೆ ಗೊತ್ತಿತ್ತು. ಆದರೂ ಅವಳನ್ನು ನೋಡಿದರೆ ನನಗೆ ತಾತ್ಸಾರವೇ ಆಗುತ್ತಿತ್ತು. "ದೇವರು ನೋಡ್ತಾನೆ" ಎಂದು ಅವಳು ಹೇಳಿದರೆ, "ನೋಡಿ ನೋಡಿ ಅವನಿಗೂ ಅಭ್ಯಾಸ ಆಗಿದೆ" ಎನ್ನುತ್ತಿದ್ದೆ. ಒಂದು ದಿನ ಶಾಲೆಯಿಂದ ಬಂದವಳೇ ಕತ್ತಿ ತೆಗೆದುಕೊಂಡು ಸುರಂಗಕ್ಕೆ ನಡೆದೆ. ಅಮ್ಮ ಓಡಿಬಂದು ಸುರಂಗದ ಬಾಯಿಗೆ ಅಡ್ಡ ನಿಂತಳು.

"ಪೈಪು ಕಡಿಯುದು ನಾನು ಸತ್ತ ಮೇಲೆ ಮಾಡು. ಅಷ್ಟು ದಿನ ಬೇಡ."

ಕತ್ತಿಯನ್ನು ಅಲ್ಲೇ ಬಿಸಾಡಿ ಬಂದೆ. ಅವಳ ಜೊತೆ ಎಷ್ಟೋ ದಿನ ಮಾತು ಬಿಟ್ಟೆ. ಅವಳಿಗೆ ಅದೂ ನಡೆಯುತ್ತಿತ್ತು. ಊಟ ಬಡಿಸಿ ಎದುರು ಕೂತಿರುತ್ತಿದ್ದಳು.

ಹೀಗೆ ನಾಲ್ಕು ಬೇಸಿಗೆ ಕಳೆಯಿತು. 2016ರಲ್ಲಿ, ಗುರುವಾರದ ಆ ಹನ್ನೆರಡು ಜನರಲ್ಲಿ ಹೆಂಗಸರನ್ನೂ ಕೂರಿಸಬಹುದೆಂದು ಮೇಲಿನಿಂದ, ರೋಮಿನಿಂದಲೇ, ಅಪ್ಪಣೆ ಬಂತು. ಅಲ್ಲಿಯವರೆಗೆ ನಮ್ಮ ಪಾದಗಳಲ್ಲಿ ಎಂತದೋ ಕೊರತೆ ಇತ್ತು ಎಂದಾಯಿತು. ನಮ್ಮ ವಾರ್ಡಿನಿಂದ ಒಬ್ಬ ಗಂಡಸು, ಒಬ್ಬ ಹೆಂಗಸು. ಗಂಡಸು ಗುರ್ಕಾರ ಸ್ವತಃ. ಹೆಂಗಸಿನ ಹೆಸರನ್ನು ಅವನೇ ಸೂಚಿಸಿದ. ಪಾದ್ರಿಗಳು ಭಾನುವಾರ ಪೂಜೆಯ ಕೊನೆಗೆ ಓದಿದರು. ಅಮ್ಮನ ಹೆಸರು.

"ಪಾಪದವರಿಗೆ ಗೌರವ ಸಿಗಬೇಕು" ಎಂದು ಗುರ್ಕಾರ ಅಂಗಳದಲ್ಲಿ ನಾಲ್ಕು ಜನ ಕೇಳುವ ಹಾಗೆ ಹೇಳಿದ. ನೀರಿಗೆ ಬದಲಾಗಿ ಒಂದು ಕುರ್ಚಿ. ನನಗೆ ಮೈ ಉರಿಯಿತು. ಅದಕ್ಕಿಂತ ಹೆಚ್ಚು ಉರಿದದ್ದು ಅಮ್ಮನ ಮುಖದಲ್ಲಿ ಸಂತೋಷ ಕಂಡು. ಅವಳು ಮನೆಗೆ ಬಂದು ಪೆಟ್ಟಿಗೆಯಿಂದ ತಿಳಿನೀಲಿ ಸೀರೆ ತೆಗೆದು ಬಿಸಿಲಿಗೆ ಹಾಕಿದಳು. ಅವತ್ತು ರಾತ್ರಿಯ ಪ್ರಾರ್ಥನೆಗೆ ನಾನು ಕೂರಲಿಲ್ಲ.

ಗುರುವಾರ ಬಂತು. ಕೇರಳದಲ್ಲಿ ಅವತ್ತು ಸರ್ಕಾರಿ ರಜೆ, ನಾನು ಮನೆಯಲ್ಲೇ ಇದ್ದೆ. ಮಧ್ಯಾಹ್ನ ಊಟ ಆದ ಮೇಲೆ ಇಬ್ಬರೂ ಬ್ಯಾರಿಗಳ ಮನೆಗೆ ನೀರಿಗೆ ಹೋದೆವು. ಅವತ್ತು ಎರಡು ಕೊಡ ಜಾಸ್ತಿ ಬೇಕೆಂದು ಅಮ್ಮ ಹೇಳಿದ್ದಳು, ಕಾಲು ತಿಕ್ಕಿಕೊಳ್ಳಲಿಕ್ಕೆ. ಎಲ್ಲರ ಹಾಗೆ ಅವಳೂ ತೊಳೆದ ಕಾಲನ್ನೇ ತೊಳೆಸಿಕೊಳ್ಳುವವಳು.

ವಾಪಸು ಬರುವ ದಾರಿ ಗುರ್ಕಾರನ ಗೇಟಿನ ಎದುರು. ಅವನು ಹುಲ್ಲುಹಾಸಿನ ಅಂಚಿನಲ್ಲಿ ಸ್ಟೂಲು ಹಾಕಿ, ಲುಂಗಿ ಮಡಚಿ ಕಟ್ಟಿಕೊಂಡು ಕಾಲು ತಿಕ್ಕುತ್ತಿದ್ದ. ಸಾಬೂನಿನ ನೊರೆ ಮೊಣಕಾಲಿನವರೆಗೆ. ಹೋಸು ಪೈಪನ್ನು ಬಂದ್ ಮಾಡದೆ ಹುಲ್ಲಿನ ಮೇಲೆ ಬಿಟ್ಟಿದ್ದ. ನೀರು ಹುಲ್ಲು ತುಂಬಿ, ಗೇಟಿನ ಕೆಳಗಿಂದ ಹೊರಬಂದು, ನಮ್ಮ ದಾರಿಯ ಕೆಂಪು ಧೂಳಿನಲ್ಲಿ ಇಂಗುತ್ತಿತ್ತು.

"ಬಾಯಿ, ಚೆಂದ ತಿಕ್ಕಿ ಬನ್ನಿ ಆಯ್ತಾ" ಎಂದ. "ಹೆಂಗಸರದ್ದು ಇದು ಮೊದಲ ಸಲ. ಫಾದರಿಗೆ ಹೇಸಿಗೆ ಆಗಬಾರದಲ್ಲ."

ಅಮ್ಮ ನಿಂತಳು. ಸೊಂಟದ ಮೇಲೆ ಕೊಡ. ಅವನನ್ನು ನೋಡಲಿಲ್ಲ, ಹರಿಯುವ ನೀರನ್ನು ನೋಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ "ಆಯ್ತು ಗುರ್ಕಾರರೇ" ಎಂದು ಹೇಳಿ ಮುಂದೆ ನಡೆದಳು.

ಮನೆಗೆ ಬಂದು ತಂದ ನೀರನ್ನೆಲ್ಲ ಅಡುಗೆಮನೆಯ ಹಂಡೆಗೆ ಹೊಯ್ದಳು.

"ಕಾಲು ತೊಳೆಯಲಿಕ್ಕೆ?" ಎಂದೆ.

"ಅಲ್ಲಿ ತೊಳೀತಾರಲ್ಲ" ಎಂದಳು.

ಸೀರೆ ಉಟ್ಟು, ಹವಾಯಿ ಚಪ್ಪಲಿ ಮೆಟ್ಟಿ, ಇಗರ್ಜಿಗೆ ಹೊರಟಳು. ಮಾರ್ಚಿನ ಗುಡ್ಡದ ದಾರಿ, ಪಾದ ಮುಳುಗುವಷ್ಟು ಧೂಳು. ಇಗರ್ಜಿಯ ಮೆಟ್ಟಿಲು ಹತ್ತುವಾಗ ಅವಳ ಕಾಲು ಗೆಣ್ಣಿನವರೆಗೆ ಕೆಂಪಗಿತ್ತು. ಬಾಗಿಲ ಬಳಿಯ ನಲ್ಲಿ ತೋರಿಸಿದೆ. ಅವಳು ಅದರ ಕಡೆ ತಿರುಗಲಿಲ್ಲ. ಪಾಪ, ಇವಳಿಗೆ ತಿಳಿಯುವುದಿಲ್ಲ, ಅವಮಾನ ಆಗುತ್ತದೆ ಎಂದುಕೊಂಡು ನಾನು ಹಿಂದಿನ ಬೆಂಚಿನಲ್ಲಿ ಕೂತೆ.

ಪೀಠದ ಎದುರು ಹನ್ನೆರಡು ಕುರ್ಚಿ. ಅಮ್ಮ ಕೊನೆಯಿಂದ ಎರಡನೆಯವಳು, ಅವಳ ಪಕ್ಕದ ಕೊನೆಯ ಕುರ್ಚಿಯಲ್ಲಿ ಗುರ್ಕಾರ. ಪಾದ್ರಿಗಳು ಸೊಂಟಕ್ಕೆ ಟವೆಲು ಸುತ್ತಿಕೊಂಡು ಒಬ್ಬೊಬ್ಬರ ಎದುರು ಮೊಣಕಾಲೂರುತ್ತಾ ಬಂದರು. ಒಬ್ಬ ಸೇವಕ ಹೂಜಿ ಹಿಡಿದಿದ್ದ, ಇನ್ನೊಬ್ಬ ಹಿತ್ತಾಳೆಯ ಬೋಗುಣಿ. ಗಾಯನ ಮಂಡಳಿ ಹಾಡುತ್ತಿತ್ತು. ಸುಣ್ಣ ಬಳಿದಂಥ ಕಾಲುಗಳ ಮೇಲೆ ಹನಿ ನೀರು ಬೀಳುತ್ತಾ ಸಾಲು ಸಾಗಿತು. ಅಮ್ಮನ ಹತ್ತಿರ ಬಂದು ಪಾದ್ರಿಗಳು ಕಾಲು ನೋಡಿ ನಿಂತುಬಿಟ್ಟರು. ಹಾಡಿನ ಚರಣ ಮುಗಿದು ಗಾಯಕರು ಉಸಿರು ಎಳೆದುಕೊಳ್ಳುವ ಹೊತ್ತು. ಪಾದ್ರಿಗಳ ಎದೆಯ ಮೇಲೆ ಸಣ್ಣ ಮೈಕು ಇತ್ತು. ಅದನ್ನು ಯಾರೂ ಬಂದ್ ಮಾಡಿರಲಿಲ್ಲ.

"ಎಂತ ಬಾಯಿ, ಕಾಲು ತೊಳೆದು ಬರಲಿಲ್ಲವಾ?" ಪಾದ್ರಿಗಳ ಪಿಸುಮಾತು ನಾಲ್ಕೂ ಸ್ಪೀಕರುಗಳಲ್ಲಿ ಕೇಳಿತು.

"ತೊಳೀಲಿಕ್ಕೆ ಅಲ್ಲವಾ ಫಾದರ್ ಕರೆದದ್ದು?" ಅಮ್ಮನ ಸ್ವರ. "ಮನೆಯಲ್ಲಿ ನೀರಿಲ್ಲ."

ಗಾಯಕರು ಮುಂದಿನ ಚರಣ ಎತ್ತಿಕೊಳ್ಳಲಿಲ್ಲ. ಮನೆಯಲ್ಲಿ ಯಾಕೆ ನೀರಿಲ್ಲ ಎಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಪಾದ್ರಿಗಳು ಹೂಜಿ ತೆಗೆದುಕೊಂಡು ನಾಲ್ಕು ಹನಿ ಬಿಟ್ಟರು. ಧೂಳು ಕೆಸರಾಯಿತು. ಇನ್ನಷ್ಟು ಬಿಟ್ಟರು. ಕೆಸರು ಹರಿಯಿತು. ಹೂಜಿ ಖಾಲಿಯಾಯಿತು. ಸೇವಕ ಓಡಿಹೋಗಿ ಇನ್ನೊಂದು ತಂದ. ಮೊದಲ ಸಲ ಒಬ್ಬ ಪಾದ್ರಿ ನಮ್ಮ ಇಗರ್ಜಿಯಲ್ಲಿ ನಿಜವಾಗಿ ಒಂದು ಕಾಲು ತೊಳೆಯಬೇಕಾಗಿ ಬಂದಿತ್ತು, ಅದು ಅವರಿಗೆ ಬರುತ್ತಲೇ ಇರಲಿಲ್ಲ. ಬೆರಳ ಸಂದಿಯ ಮಣ್ಣು ತೆಗೆಯಲು ತಿಳಿಯದೆ ಟವೆಲಿನಲ್ಲಿ ಒತ್ತಿ ಒತ್ತಿ ಟವೆಲೇ ಕೆಂಪಾಯಿತು. ಕೊನೆಗೆ ಪಾದಕ್ಕೆ ಮುತ್ತಿಡಬೇಕಾದಲ್ಲಿ ತಲೆಯನ್ನು ಗೇಣುದ್ದ ಮೇಲೆಯೇ ನಿಲ್ಲಿಸಿ ಎದ್ದರು. ಗುರ್ಕಾರ ತನ್ನ ಬೆಳ್ಳಗಿನ ಕಾಲನ್ನು ಆ ಕೆಂಪು ನೀರಿನ ಬೋಗುಣಿಯ ಮೇಲೆ ಚಾಚಿ, ಕೆಂಪು ಟವೆಲಿನಲ್ಲೇ ಒರೆಸಿಕೊಂಡ. ಈ ಘಟನೆಯಿಂದ ಇಗರ್ಜಿ ಕಲಿತ ಪಾಠವೆಂದರೆ ಮರುವರ್ಷ ಓದಿದ ಪ್ರಕಟಣೆ. ಆಯ್ಕೆಯಾದವರು ದಯವಿಟ್ಟು ಮನೆಯಲ್ಲಿ ಕಾಲು ತೊಳೆದೇ ಬರಬೇಕು.

ಪೂಜೆ ಮುಗಿದ ಮೇಲೆ ಗುರ್ಕಾರ ಮೆಟ್ಟಿಲ ಬಳಿ ಅಮ್ಮನನ್ನು ತಡೆದ. "ವಾರ್ಡಿನ ಮರ್ಯಾದೆ ತೆಗೆದಿರಿ ಬಾಯಿ. ಒಳಗೆ ಹೋಗಿ ಫಾದರ್ ಹತ್ತಿರ ತಪ್ಪಾಯ್ತು ಅಂತ ಹೇಳಿ."

"ನಾಳೆ ಉಪವಾಸ. ನಾಡಿದ್ದು ನೋಡುವ" ಎಂದಳು ಅಮ್ಮ. ಜಪಸರದ ಹೆಂಗಸರು ಗುಂಪಾಗಿ ಬೇರೆ ದಾರಿ ಹಿಡಿದರು. ಅವಳು ಹೆದರಿಕೊಂಡಿದ್ದದ್ದು ಅಲ್ಲಿಗೆ ಆಗಿ ಹೋಯಿತು. ದಾರಿಯಲ್ಲಿ ಸ್ವಲ್ಪ ಅತ್ತಳು. ನಾನು ಕೈ ಹಿಡಿದುಕೊಂಡೆ.

ಶನಿವಾರ ಬೆಳಿಗ್ಗೆ ಟಾರ್ಚು, ಸಣ್ಣ ಗುದ್ದಲಿ ಹಿಡಿದು ಸುರಂಗಕ್ಕೆ ಇಳಿದಳು. ನಾನು ಬರುತ್ತೇನೆಂದರೆ ಬೇಡವೆಂದಳು. ಒಳಗೆ ಅವಳು ಕೆಮ್ಮುವುದೂ ಮಣ್ಣು ಕೆರೆಯುವುದೂ ಕೇಳುತ್ತಿತ್ತು. ಆಮೇಲೆ ನೀರು ಬಂತು. ಮೊದಲು ರಾಡಿ, ನಂತರ ತಿಳಿ. ದಂಬೆ ತುಂಬಿ ನಮ್ಮ ಟಾಂಕಿಗೆ ಬೀಳತೊಡಗಿತು. ಅಮ್ಮ ಮೈಯೆಲ್ಲ ಕೆಸರಾಗಿ, ಕರಿ ಪೈಪಿನ ತುದಿ ಎಳೆಯುತ್ತಾ ಹೊರಗೆ ಬಂದಳು.

ಹೋಸಿನಲ್ಲಿ ನೀರು ನಿಂತದ್ದೇ ಗುರ್ಕಾರ ಹತ್ತಿ ಬಂದ.

"ಪೈಪು ಮುಟ್ಟಿದ್ದು ಯಾರು?"

"ನಾನು."

"ನಾಳೆ ಈಸ್ಟರ್ ಬಾಯಿ! ಇಂಥ ದಿನ ಜಗಳವಾ? ಇದೆಲ್ಲ ಟೀಚರ್ ಹೇಳಿಕೊಟ್ಟದ್ದಾ?"

ವಿಲ್ಲೇಜ್ ಆಫೀಸಿಗೆ ಹೋಗುವ ಎಂದು ನಾನು ಶುರುಮಾಡಿದೆ. "ನೀನು ಸುಮ್ಮನಿರು" ಎಂದು ಅಮ್ಮ ನನ್ನನ್ನು ಗದರಿಸಿ ಅವನ ಕಡೆ ತಿರುಗಿದಳು. "ಜಗಳ ಎಂತದೂ ಇಲ್ಲ ಗುರ್ಕಾರರೇ. ಮಧ್ಯಾಹ್ನದವರೆಗೆ ನಮಗೆ, ಆಮೇಲೆ ನಿಮಗೆ. ದಂಬೆ ಇಲ್ಲುಂಟು. ಬಂದು ತಿರುಗಿಸಿಕೊಳ್ಳಿ."

"ದಿನಾ ನಿಮ್ಮ ಅಂಗಳಕ್ಕೆ ಬಂದು ನಾನು ತಿರುಗಿಸುದಾ?"

"ನಿಮ್ಮ ಅಪ್ಪ ಬರ್ತಿದ್ದರು."

ಅವನು ಬಿರಬಿರನೆ ಇಳಿದು ಹೋದ. ಅವತ್ತು ನಾನು ಮನೆಯ ಚೊಂಬು ತಪ್ಪಲೆಗಳನ್ನೂ ಬಿಡದೆ ನೀರು ತುಂಬಿಸಿದೆ. ಮಧ್ಯಾಹ್ನವಾಯಿತು. ಅವನು ಬರಲಿಲ್ಲ. ಬಾರದಿರಲಿ, ಜಂಬದಲ್ಲಿ ಒಣಗಲಿ, ಹುಲ್ಲು ಸುಟ್ಟು ಹೋಗಲಿ ಎಂದು ನಾನು ಖುಷಿಯಲ್ಲಿ ಊಟಕ್ಕೆ ಕೂತೆ. ಊಟ ಮುಗಿಯುವ ಮೊದಲೇ ಅಮ್ಮ ಎದ್ದು ಕೈತೊಳೆದು, ಚಪ್ಪಲಿ ಮೆಟ್ಟಿಕೊಂಡು ಸುರಂಗದ ಕಡೆ ಹೊರಟಳು. ನಾನು ಎಂಜಲು ಕೈಯಲ್ಲೇ ಹಿಂದೆ ಓಡಿದೆ. ಅವಳು ದಂಬೆ ಎತ್ತಿ ಅವನ ಕಡೆಗೆ ತಿರುಗಿಸಿ ಇಡುತ್ತಿದ್ದಳು.

"ಎಂತ ಅಮ್ಮ ನಿನ್ನದು! ಅವನು ಬರಲೇ ಇಲ್ಲ. ನಾಲ್ಕು ಬೇಸಿಗೆ ನಮಗೆ ಒಂದು ಕೊಡ ನೀರು ಬಿಟ್ಟಿದ್ದಾನಾ?"

"ಅದಕ್ಕೇ" ಎಂದಳು. "ನೀರಿಲ್ಲದ ಅಡುಗೆಮನೆ ಹೇಗಿರ್ತದೆ ಅಂತ ನನಗೆ ಗೊತ್ತುಂಟು. ಅವನ ಹೆಂಡತಿ ನನಗೆ ಎಂತ ಮಾಡಿದ್ದಾಳೆ?"

ದಂಬೆಯ ತುದಿ ಅಲುಗದ ಹಾಗೆ ಒಂದು ಕಲ್ಲು ಒತ್ತಿಟ್ಟು, ಬಗ್ಗಿದ ಸೊಂಟ ಹಿಡಿದುಕೊಂಡು ಅವಳು ಮನೆಯ ಕಡೆ ನಡೆದಳು. ಅವತ್ತು ಹೆದರಿ ತಿರುಗಿಸಿದಳು ಎನ್ನಲು ನನ್ನ ಬಳಿ ಯಾವ ಆಧಾರವೂ ಇರಲಿಲ್ಲ. ಅವಳಿಗೆ ಕಳೆದುಕೊಳ್ಳಲಿಕ್ಕೆ ಆಗ ಏನೂ ಉಳಿದಿರಲಿಲ್ಲ. ನಾನಾಗಿದ್ದರೆ ಆ ದಂಬೆಯನ್ನು ಮುಟ್ಟುತ್ತಿರಲಿಲ್ಲ, ಇವತ್ತಿಗೂ ಮುಟ್ಟಲಾರೆ. ಆದ್ದರಿಂದ ಪಾದ್ರಿಗಳನ್ನೂ ಗುರ್ಕಾರನನ್ನೂ ಆ ಕುರ್ಚಿಗಳಲ್ಲಿ ಕೂತವರನ್ನೂ ಬಾಯಿಗೆ ಬಂದ ಹಾಗೆ ಬೈಯುವಾಗ, ಅಮ್ಮ ಅಲ್ಲಿದ್ದರೆ ಅವಳ ಮುಖ ನೋಡುವುದಿಲ್ಲ.